ಮನೆಗಾಗಿ ಸ್ತೋತ್ರ ಹೇಳುವದು ಹೇಗೆ?

ಕ್ರಿಸ್ತಜಯಂತಿಯ ರಜೆಯಲ್ಲಿ ದೂರದ ಊರುಗಳಿಗೆ ದುಡಿಯಹೋದ ಮಕ್ಕಳು ನವಲಗುಂದ, ಕುಂದಗೋಳ, ಅಣ್ಣಿಗೇರಿಯ ಹಳ್ಳಿಗಳಿಗೆ ತಿರಿಗಿ ಬರುತ್ತಾರೆ. ಎರೆಹೊಲದಲ್ಲಿ ಹಿಂಗಾರಿ ಜೋಳ ನಿಂತಿರುವದು. ಚಳಿಗೆ ಮನೆಮಂದಿಯೆಲ್ಲ ಒಲೆಯ ಸುತ್ತ ಕೂಡುವರು. ಇದಕ್ಕಾಗಿ ನಾವು ದೇವರನ್ನು ಸ್ತುತಿಸುವದು ಯುಕ್ತವೇ ಸರಿ. ಆದರೆ ನಮಗೆ ಮನೆ ಸಿಕ್ಕಿತು, ನೆರೆಯವನಿಗೆ ಸಿಕ್ಕಲಿಲ್ಲವೆಂದು ಹಿಗ್ಗುವದು ಕೃತಜ್ಞತೆಯಾದೀತೇ? ಅದು ದೇವಾಲಯದಲ್ಲಿ ನಿಂತ ಫರಿಸಾಯನ ಪ್ರಾರ್ಥನೆಯಾದೀತು.

ನಮ್ಮ ಸೀಮೆಯ ಹಿಂದಿನ ಸಂಗತಿಯನ್ನು ನೆನಸೋಣ. ಬಾಸೆಲ್ ಮಿಶನಿನವರು 1837ರಲ್ಲಿ ಧಾರವಾಡಕ್ಕೆ ಬಂದ ಮೇಲೆ, ಸುವಾರ್ತೆಯನ್ನು ಅಂಗೀಕರಿಸಿದ ಕೆಲವರನ್ನು ಸ್ವಂತ ಮನೆಯವರೇ ಹೊರಹಾಕಿದರು. 1876-78ರ ಘೋರ ಬರದಲ್ಲಿ ಎಷ್ಟೋ ಮಕ್ಕಳು ತಂದೆತಾಯಿಗಳನ್ನು ಕಳಕೊಂಡರು. ಮಿಶನಿನ ಅನಾಥಶಾಲೆಗಳು ಅನೇಕರನ್ನು ಸೇರಿಸಿಕೊಂಡವು. ಅಂಥವರೂ ಮುಂದೆ ನಮ್ಮ ಸಭೆಗಳಲ್ಲಿ ಸಂಸಾರ ಹೂಡಿದರು. ಅವರಿಗೆ ಮನೆಯೆಂಬದು ಪರರು ತೆರೆದುಕೊಟ್ಟ ಬಾಗಿಲಾಗಿತ್ತು.

ಛತ್ರದಲ್ಲಿ ಸ್ಥಳವಿಲ್ಲದೆ ಗೋದಲಿಯಲ್ಲಿ ಮಲಗಿದ ಕರ್ತನ ಹಬ್ಬವನ್ನು ನಾವು ಬಾಗಿಲಿಕ್ಕಿಕೊಂಡು ಆಚರಿಸಬಹುದೇ? ಒಂಟಿಯಾಗಿರುವ ವಿಧವೆಯನ್ನಾಗಲಿ, ಒಲೆ ಹೊತ್ತಿಸಲಾರದ ನೆರೆಯವನನ್ನಾಗಲಿ, ಅವರು ಯಾವ ಮತದವರೇ ಆಗಿರಲಿ, ಕರತಂದು ನಮ್ಮ ರೊಟ್ಟಿಬುಟ್ಟಿಯ ಬಳಿ ಕೂಡ್ರಿಸೋಣ. ಆಗಲೇ ನಮ್ಮ ಬಾಯಿಯ ಸ್ತೋತ್ರವು ಪೂರ್ಣವಾಗುವದು.