ಮುಚ್ಚಳದ ಕೆಳಗೆ ಇದ್ದದ್ದು

ದೇವರ ಹತ್ತಿರ ಕ್ಷಮೆ ಕೇಳಿಬಿಟ್ಟರೆ ಮನುಷ್ಯರ ಹತ್ತಿರ ಮತ್ತೆ ಕೇಳಬೇಕಾ?

ನಮ್ಮ ಮನೆ ವಾಷ್‌ಬೇಸಿನ್‌ನಲ್ಲಿ ಎರಡು ವಾರದಿಂದ ನೀರು ನಿಲ್ಲುತ್ತಿತ್ತು. ನಿನ್ನ ಕೂದಲೇ ಕಾರಣ ಅಂತ ಹೆಂಡತಿಯನ್ನು ಗದರಿಸುತ್ತಿದ್ದೆ. ಬಿಸಿನೀರು, ಸೋಡಾ ಎಲ್ಲಾ ಸುರಿದೆ. ಒತ್ತಿ ಮುಚ್ಚುವ ಆ ಸ್ಟಾಪರ್ ತೆಗೆಯದೆ ಏನು ಸುರಿದರೂ ಅಷ್ಟೇ. ಬೋರ್‌ವೆಲ್ ನೀರಿನ ಉಪ್ಪು ಕಟ್ಟಿ ಅದು ಅಲುಗಾಡುತ್ತಲೇ ಇರಲಿಲ್ಲ. ಇಕ್ಕಳದಲ್ಲಿ ಎಳೆದರೆ ಮುರಿಯುತ್ತೆ. ವಿನೆಗರ್‌ನಲ್ಲಿ ನೆನೆಸಿದ ಬಟ್ಟೆಯನ್ನು ರಾತ್ರಿಯಿಡೀ ಸುತ್ತಿಟ್ಟೆ. ಬೆಳಿಗ್ಗೆ ರಬ್ಬರ್ ಗ್ಲೌಸ್ ಹಾಕಿ ಎಡಕ್ಕೆ ತಿರುಗಿಸಿದೆ, ಬಂತು. ಕೆಳಗಿನ ಕಡ್ಡಿಗೆ ಸೋಪಿನ ಜಿಡ್ಡಿನ ಜೊತೆ ಅಂಟಿದ್ದದ್ದು ಉದ್ದ ಕೂದಲಲ್ಲ. ನನ್ನ ಗಡ್ಡದ ಚೂರುಗಳು! ನಗಬೇಡಿ.

ಅಲ್ಲೇ ನಿಂತು 'ಕರ್ತನೇ, ಕ್ಷಮಿಸು' ಅಂದೆ. ಅದು ಸುಲಭ, ಬಾಗಿಲು ಹಾಕಿತ್ತಲ್ಲ. ಆದರೆ ಮತ್ತಾಯ 5:23-24ರಲ್ಲಿ ಯೇಸುಸ್ವಾಮಿ, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತಾರೆ. ಕಾಣಿಕೆ ಬೇಡ ಅನ್ನಲಿಲ್ಲ, ಅದು ಕಾಯಲಿ ಅಂದರು. ನೊಂದದ್ದು ಅವಳು. ಅವಳಿಗೆ ತಿಳಿಯದ ಹಾಗೆ ದೇವರ ಹತ್ತಿರ ಲೆಕ್ಕ ತೀರಿಸಿಕೊಂಡರೆ ಅದು ಅರಿಕೆಯಾ, ಬಚ್ಚಿಟ್ಟುಕೊಳ್ಳೋದಾ?

ಆ ಜಿಡ್ಡನ್ನು ಕೈಯಲ್ಲೇ ಹಿಡಿದು ಅಡುಗೆಮನೆಗೆ ಹೋದೆ. "ಮೊದಲು ಕೈ ತೊಳ್ಕೊಳ್ಳಿ" ಅಂದಳು.