ತಪ್ಪು ಉತ್ತರಕ್ಕೆ ಯಾಕೆ ಶಿಕ್ಷೆ?

‘ದಂಡಂ ದಶಗುಣಂ’ ಎಂಬ ಮಾತನ್ನು ಕೇಳುತ್ತಲೇ ಬೆಳೆದವರು ನಾವು. ಎರಡು ಬಿಗಿದರೆ ಮಾತ್ರ ಪಾಠ ತಲೆಗೆ ಹತ್ತುತ್ತದೆ ಎಂದು ನಂಬಿದವರು ಇಂದಿಗೂ ಕಡಿಮೆಯೇನಿಲ್ಲ. “ನಾವೂ ಏಟು ತಿಂದೇ ಕಲಿತದ್ದಲ್ಲವೇ?” ಎಂದು ಅವರು ಕೇಳುತ್ತಾರೆ. ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಬೆತ್ತದ ಭಯಕ್ಕೆ ಮಗ್ಗಿ ಬಾಯಿಪಾಠವಾದದ್ದು ಸುಳ್ಳಲ್ಲ. ಆದರೆ ಮಗ್ಗಿಯ ಜೊತೆಗೆ ಮಗು ಇನ್ನೇನನ್ನು ಕಲಿಯಿತು ಎಂದು ನಾವು ವಿಚಾರಿಸುವುದಿಲ್ಲ.

ಒಂದು ಸಣ್ಣ ಲೆಕ್ಕವನ್ನೇ ನೋಡೋಣ. 52ರಿಂದ 38 ಕಳೆಯಬೇಕು. ಮಗು 26 ಎಂದು ಬರೆಯುತ್ತದೆ. ಸರಿಯುತ್ತರ 14. ನಾವು ಕೆಂಪು ಶಾಯಿಯಲ್ಲಿ ಗೀಟು ಎಳೆದು ‘ದಡ್ಡ’ ಎನ್ನುತ್ತೇವೆ. ಆದರೆ ಆ 26 ಸುಮ್ಮನೆ ಬಂದದ್ದಲ್ಲ. 2ರಿಂದ 8 ಕಳೆಯಲು ಬಾರದೆ ಮಗು 8ರಿಂದ 2 ಕಳೆದಿದೆ, 5ರಿಂದ 3 ಕಳೆದಿದೆ. ಅದು ಯೋಚಿಸಿದೆ, ದಾರಿ ಮಾತ್ರ ತಪ್ಪಿದೆ. ಹತ್ತು ಹತ್ತು ಬೆಂಕಿಕಡ್ಡಿಗಳ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳನ್ನು ಮುಂದಿಟ್ಟು 38 ಕಡ್ಡಿ ಕೊಡು ಎಂದರೆ ಮೂರು ಕಟ್ಟು ಕೊಟ್ಟ ಮೇಲೆ ಮಗು ತಡೆಯುತ್ತದೆ. ಎಂಟು ಬಿಡಿ ಕಡ್ಡಿ ಬೇಕೆಂದರೆ ಒಂದು ಕಟ್ಟನ್ನು ಬಿಚ್ಚಲೇಬೇಕು. ಬಿಚ್ಚಿದ ಕ್ಷಣ ಅದಕ್ಕೆ ಲೆಕ್ಕ ಅರ್ಥವಾಗುತ್ತದೆ.

ಅದೇ ಮಗುವಿಗೆ ಏಟು ಬಿದ್ದರೆ? ನಾಳೆ ಅದು ಪಕ್ಕದವನ ಪುಸ್ತಕ ನೋಡಿ 14 ಎಂದು ಬರೆಯುತ್ತದೆ. ಉತ್ತರ ಸರಿಯಾಯಿತು, ನಮಗೂ ಸಮಾಧಾನವಾಯಿತು. ಆದರೆ ಲೆಕ್ಕ ಬರಲಿಲ್ಲ, ಸುಳ್ಳು ಬಂತು. ನೋವೆಲ್ಲಿದೆ ಎಂದು ಹೇಳಿದ್ದಕ್ಕೇ ರೋಗಿಗೆ ಹೊಡೆಯುವ ವೈದ್ಯನ ಬಳಿ ಯಾರಾದರೂ ನೋವು ಹೇಳಿಕೊಳ್ಳುತ್ತಾರೆಯೇ?

1332ರಲ್ಲಿ ಟ್ಯುನಿಸ್‌ನಲ್ಲಿ ಜನಿಸಿದ ಇಬ್ನ್ ಖಲ್ದೂನ್ ತನ್ನ ‘ಮುಖದ್ದಿಮ’ದಲ್ಲಿ ಈ ಕುರಿತು ಒಂದು ಅಧ್ಯಾಯವನ್ನೇ ಬರೆದಿದ್ದಾರೆ. ದಬ್ಬಾಳಿಕೆಯಲ್ಲಿ ಬೆಳೆದ ಮಗು ಉತ್ಸಾಹ ಕಳೆದುಕೊಳ್ಳುತ್ತದೆ, ಸೋಮಾರಿಯಾಗುತ್ತದೆ, ಶಿಕ್ಷೆಗೆ ಹೆದರಿ ಮನಸ್ಸಿನಲ್ಲಿ ಇಲ್ಲದ್ದನ್ನು ನಟಿಸುತ್ತದೆ, ಕೊನೆಗೆ ಕಪಟವೇ ಅದರ ಸ್ವಭಾವವಾಗುತ್ತದೆ ಎಂಬುದು ಅವರ ವಾದ. ದಬ್ಬಾಳಿಕೆಗೆ ಒಳಗಾದ ಸಮುದಾಯಗಳ ಗತಿಯೂ ಇದೇ ಎಂದು ಅವರು ಕಂಡುಕೊಂಡಿದ್ದರು. ಸುಳ್ಳು ಹೇಳಬಾರದೆಂದು ನೀತಿಪಾಠ ಮಾಡುವ ನಾವೇ ಬೆತ್ತದ ಮೂಲಕ ಸುಳ್ಳನ್ನು ಕಲಿಸುತ್ತಿದ್ದೇವೆ ಎಂದಾಯಿತಲ್ಲವೇ?

ಪ್ರವಾದಿ ಮುಹಮ್ಮದ್(ಸ)ರ ಮನೆಯಲ್ಲಿ ಹತ್ತು ವರ್ಷ ಸೇವೆ ಮಾಡಿದ ಹಝ್ರತ್ ಅನಸ್(ರ) ಚಿಕ್ಕ ಹುಡುಗನಾಗಿ ಅಲ್ಲಿಗೆ ಬಂದವರು. ಅಷ್ಟು ವರ್ಷಗಳಲ್ಲಿ ಪ್ರವಾದಿಯವರು ತನ್ನ ಮೇಲೆ ಒಮ್ಮೆಯೂ ‘ಛೆ’ ಎಂದು ಸಿಡುಕಿದ್ದಿಲ್ಲ ಎಂದು ಅವರು ಸ್ಮರಿಸಿದ್ದಾರೆ. ಕುರ್‌ಆನನ್ನು ತಡವರಿಸುತ್ತಾ, ಕಷ್ಟಪಟ್ಟು ಓದುವವನಿಗೆ ಇಮ್ಮಡಿ ಪ್ರತಿಫಲವಿದೆ ಎಂದೂ ಹದೀಸ್‌ನಲ್ಲಿದೆ. ಅಲ್ಲಾಹನು ಇಮ್ಮಡಿ ಪ್ರತಿಫಲ ಕೊಡುವ ತಡವರಿಕೆಗೆ ನಾವು ಬೆತ್ತ ಎತ್ತುವುದಾದರೆ ಯಾರ ಮಾದರಿಯನ್ನು ಅನುಸರಿಸುತ್ತಿದ್ದೇವೆ?

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ 2012ರ ತಿದ್ದುಪಡಿಯ ಪ್ರಕಾರ ಮದ್ರಸಗಳು, ವೇದಪಾಠಶಾಲೆಗಳು ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಮನೆಯಂತೂ ಅದರ ವ್ಯಾಪ್ತಿಯಲ್ಲಿಲ್ಲ. ಈ ಕಾಯ್ದೆ ತಲುಪದ ಕಡೆ ನಮ್ಮ ಅಂತಃಕರಣವೇ ಕಾನೂನಾಗಬೇಕು.

ಹಾಗೆಂದು ಶಿಸ್ತೇ ಬೇಡವೆಂದಲ್ಲ. ಜೊತೆಗಾರನಿಗೆ ಕಲ್ಲು ಹೊಡೆದ ಮಗುವನ್ನು ತಡೆಯಲೇಬೇಕು, ಮಾಡಿದ್ದು ಅನ್ಯಾಯವೆಂದು ತಿಳಿಸಲೇಬೇಕು. ಆದರೆ ಅನ್ಯಾಯ ಬೇರೆ, ಅಜ್ಞಾನ ಬೇರೆ. ಅಜ್ಞಾನ ಅಪರಾಧವಾಗಿದ್ದರೆ ಶಾಲೆಗಳು ಯಾಕಿರಬೇಕಿತ್ತು? ಐವತ್ತು ಮಕ್ಕಳ ತರಗತಿಯಲ್ಲಿ ಪ್ರತಿಯೊಂದು ಮಗುವಿನ ತಪ್ಪಿನ ಬೇರು ಹುಡುಕುವುದು ಶಿಕ್ಷಕರಿಗೆ ಕಷ್ಟವೇ, ಒಪ್ಪೋಣ. ಆದರೆ ಒಂದು ತಪ್ಪು ಉತ್ತರವನ್ನು, ಬರೆದವರ ಹೆಸರು ಹೇಳದೆ, ಕರಿಹಲಗೆಯ ಮೇಲೆ ಬರೆದು “ಇದು ಹೀಗೇಕೆ ಬಂದಿರಬಹುದು?” ಎಂದು ಎಲ್ಲರನ್ನೂ ಕೇಳಲು ಹೆಚ್ಚು ಹೊತ್ತು ಬೇಡ. ಅದೇ ತಪ್ಪು ಮಾಡಿದ ಇತರರಿಗೂ ಅದು ಪಾಠವಾಗುತ್ತದೆ.

ಮನೆಯಲ್ಲಂತೂ ಒಂದೆರಡೇ ಮಕ್ಕಳು. ಅಂಕಪಟ್ಟಿಗೆ ಸಹಿ ಹಾಕುವಾಗ “ಪಕ್ಕದ ಮನೆಯವನಿಗೆ ಎಷ್ಟು?” ಎಂದು ಕೇಳುವ ಬದಲು “ನಿನಗೆ ಯಾವುದು ಅರ್ಥವಾಗಲಿಲ್ಲ ಮಗಾ?” ಎಂದು ಕೇಳೋಣ. ಹೆದರದೆ ಉತ್ತರ ಹೇಳಲು ಅದಕ್ಕೆ ಕೆಲವು ದಿನಗಳು ಬೇಕಾಗಬಹುದು. ಅಲ್ಲಿಯವರೆಗೆ ಕಾಯುವುದು ಹಿರಿಯರಾದ ನಮ್ಮ ಹೊಣೆ.