ಕೈರಾಟೆಯ ತುದಿಗೆ ಯಾರು?

ಶಾಲೆಯಲ್ಲಿ ಸರಳ ಯಂತ್ರಗಳ ಪಾಠ ಮಾಡುವಾಗ ನಾವು ಬೋರ್ಡಿನ ಮೇಲೆ ಬಾವಿಯ ಚಿತ್ರ ಬರೆಯುತ್ತೇವೆ. ಗಾಲಿ, ಅಚ್ಚು, ಹಿಡಿಕೆ, ಹಗ್ಗ. ಹಗ್ಗದ ತುದಿಗೆ ಒಂದು ಕೊಡ. ಇಷ್ಟು ವರ್ಷ ಪಾಠ ಮಾಡಿದ ನಮಗೆ ಆ ತುದಿಗೆ ಒಬ್ಬ ಮನುಷ್ಯನನ್ನು ಬರೆಯಬೇಕು ಅಂತ ಅನ್ನಿಸಿರಲೇ ಇಲ್ಲ. ಅನ್ನಿಸಬೇಕಿತ್ತು. ನಮ್ಮ ಕೇರಿಯವರು ಸೇದೋ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಹೂಳು ತೆಗೆಯೋ ದಿನ ಮಾತ್ರ ಅದೇ ಹಗ್ಗ ಅವರ ಸೊಂಟಕ್ಕೆ ಬರುತ್ತಿತ್ತು. ನೀರಿಗೆ ಮೈಲಿಗೆ ತಟ್ಟುತ್ತಿತ್ತು, ಕೆಸರಿಗೆ ತಟ್ಟುತ್ತಿರಲಿಲ್ಲ.

ಪಟ್ಟಣಗಳಿಗೆ ಒಳಚರಂಡಿ ಬಂತು. ಇಳಿಯುವವರ ಕೇರಿ ಬದಲಾಗಲಿಲ್ಲ. ಆ ಗುಂಡಿಗೆ ಇಂಗ್ಲಿಷಿನವರು ಇಟ್ಟ ಹೆಸರೇ ಮ್ಯಾನ್‌ಹೋಲು, ಮನುಷ್ಯ ಇಳಿಯೋ ತೂತು. ಯಾವ ಮನುಷ್ಯ ಅಂತ ತೀರ್ಮಾನ ಮಾಡೋ ಕೆಲಸವನ್ನು ಇಲ್ಲಿನ ಜಾತಿವ್ಯವಸ್ಥೆ ವಹಿಸಿಕೊಂಡಿತು.

ಒಂದು ಪಟ್ಟಣದ ಪುರಸಭೆಯ ಉಗ್ರಾಣಕ್ಕೆ ಗೆಳೆಯರ ಜೊತೆ ಹೋಗಿದ್ದೆವು. ಮೂಲೆಯಲ್ಲಿ ಮಡಚಿಟ್ಟ ಮುಕ್ಕಾಲಿ, ಅದರ ಒಂದು ಕಾಲಿಗೆ ಬಿಗಿದ ಕೈರಾಟೆ. ಅಂಗಡಿಯಲ್ಲಿ ಇದನ್ನೇ ವಿಂಚು ಅನ್ನುತ್ತಾರೆ. ಸುತ್ತಿದ ಪ್ಲಾಸ್ಟಿಕ್ಕು ಇನ್ನೂ ಬಿಚ್ಚಿರಲಿಲ್ಲ. ಯಾಕೆ ಹೀಗೆ ಅಂದರೆ ಗುಮಾಸ್ತರು, "ರೆಕಾರ್ಡಿಗೆ ಬೇಕಲ್ಲ ಸಾರ್" ಅಂದರು. ಹೊರಗೆ ಕೂತಿದ್ದ ಹಿರಿಯ ಕಾರ್ಮಿಕನನ್ನು ಕೇಳಿದೆವು. "ಅದನ್ನ ನಿಲ್ಸೋಕೆ ಅರ್ಧ ಗಂಟೆ ಬೇಕಣ್ಣಾ. ನಾನು ಇಳ್ದು ಹತ್ತೋಕೆ ಹತ್ತು ನಿಮಿಷ. ಮೇಸ್ತ್ರಿ ಯಾವುದುಕ್ಕೆ ಕಾಯ್ತಾನೆ, ನೀವೇ ಹೇಳಿ."

ವಾಪಸ್ ಬರುವಾಗ ದಾರಿಯುದ್ದಕ್ಕೂ ನಮ್ಮನಮ್ಮಲ್ಲೇ ಜಗಳ. ಕಾರ್ಮಿಕರಿಗೆ ಕೈರಾಟೆ ಬಳಸೋದನ್ನ ಕಲಿಸೋಣ ಅಂತ ಒಬ್ಬರು ಅಂದರು. ಇನ್ನೊಬ್ಬರಿಗೆ ಸಿಟ್ಟು ಬಂತು: "ನೇಣಿನ ಹಗ್ಗಕ್ಕೆ ಬೆಣ್ಣೆ ಸವರೋ ಕೆಲಸ ಇದು. ಕಲಿಸಿದ್ರೆ ಇಳಿಯೋದನ್ನ ನಾವೇ ಒಪ್ಪಿಕೊಂಡಂಗಾಯ್ತು." ಅದಕ್ಕೆ ಮೊದಲಿನವರು, "ಹಾಗಾದ್ರೆ ಸಮಾಜ ಬದಲಾಗೋವರೆಗೂ ಅವನು ನಾರಿನ ಹಗ್ಗ ಕಟ್ಕೊಂಡೇ ಇಳೀಲಾ?" ಎರಡು ಮಾತೂ ನಿಜ. ಎರಡೂ ನಿಜವಾಗಿರೋದೇ ನಮ್ಮ ಸಂಕಟ.

ಕಾನೂನಿನ ಒಳಗೂ ಇದೇ ಗಂಟಿದೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆ ಒಳಚರಂಡಿಯ 'ಅಪಾಯಕಾರಿ ಸ್ವಚ್ಛತೆ'ಯನ್ನೂ ನಿಷೇಧಿಸಿತು. ಆದರೆ ಅಪಾಯಕಾರಿ ಅಂದರೇನು? ರಕ್ಷಣಾ ಸಾಮಗ್ರಿ ಕೊಡದೆ, ಎಚ್ಚರಿಕೆ ವಹಿಸದೆ ಕೈಯಿಂದ ಮಾಡಿಸುವುದು. ಸಾಮಗ್ರಿ ಕೊಟ್ಟರೆ? ಅದೇ ವರ್ಷದ ನಿಯಮಗಳು ಇಳಿಸಬಾರದು ಅಂತ ಹೇಳಿ, ಕೆಲವು ವಿನಾಯಿತಿ ಇಟ್ಟವು. ಕೊನೆಯದು ತೀರಾ ಅನಿವಾರ್ಯವಾದಾಗ, ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿ ಕಾರಣ ಬರೆದಿಟ್ಟು ಅನುಮತಿ ಕೊಟ್ಟರೆ ಇಳಿಸಬಹುದು ಅನ್ನೋದು. ಅನಿವಾರ್ಯ ಯಾರಿಗೆ? ಬರೆಯುವವನಿಗೋ, ಇಳಿಯುವವನಿಗೋ? ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. 2025ರ ಜನವರಿಯಲ್ಲಿ ಬೆಂಗಳೂರೂ ಸೇರಿ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸಲೇಬೇಡಿ ಅಂತ ಆದೇಶ ಮಾಡಿತು. ನಾವು ನೋಡಿದ ಆ ಸಣ್ಣ ಪಟ್ಟಣ ಆ ಆರರಲ್ಲಿ ಇಲ್ಲ.

ಹಾಗಾಗಿ ಆ ಕಬ್ಬಿಣದ ವಸ್ತುವನ್ನೇ ಸರಿಯಾಗಿ ನೋಡೋಣ ಅಂತ ಕೂತೆವು. ಹಿಡಿಕೆಯ ತೋಳು 30 ಸೆಂಟಿಮೀಟರು, ಹಗ್ಗ ಸುತ್ತುವ ಉರುಳೆಯ ಅರ್ಧವ್ಯಾಸ 5 ಸೆಂಟಿಮೀಟರು ಅಂತ ಇಟ್ಟುಕೊಳ್ಳಿ. ಬಲ ಆರು ಪಟ್ಟು. 60 ಕೆ.ಜಿ. ಆಳು ಕೈಗೆ 10 ಕೆ.ಜಿ. ಆಗುತ್ತಾನೆ, ತಿಕ್ಕಾಟದ್ದು ಮೇಲಷ್ಟು. ಒಂದು ಸುತ್ತಿಗೆ ಸುಮಾರು 31 ಸೆಂಟಿಮೀಟರು ಹಗ್ಗ ಮೇಲೆ ಬರುತ್ತದೆ. 6 ಮೀಟರು ಆಳದಿಂದ ಎತ್ತಲು ಸುಮಾರು ಇಪ್ಪತ್ತು ಸುತ್ತು. ಇನ್ನೂ ಹಗುರಾಗಲಿ ಅಂತ ನಾಲ್ಕು ಪಟ್ಟಿನ ಹಲ್ಲುಚಕ್ರ ಸೇರಿಸಿದರೆ ಎಂಬತ್ತು ಸುತ್ತು. ಗುಂಡಿಯಲ್ಲಿರೋದು ಹೈಡ್ರೋಜನ್ ಸಲ್ಫೈಡು. ಕೊಳೆತ ಮೊಟ್ಟೆ ವಾಸನೆ ಅದರದ್ದು, ಆದರೆ ಜಾಸ್ತಿಯಾದರೆ ಮೂಗೇ ಸತ್ತು ವಾಸನೆ ಗೊತ್ತಾಗೋದಿಲ್ಲ. ಅಂಥ ಕಡೆ ಅರವತ್ತು ಸುತ್ತು ಜಾಸ್ತಿ ಅಂದರೆ ಒಂದು ಜೀವ. ಭಾರೀ ತೂಕ ಎತ್ತೋದೇ ಒಳ್ಳೇ ವಿಂಚು ಅನ್ನೋ ಅಂಗಡಿಯವನ ಮಾತು ಇಲ್ಲಿ ನಡೆಯಲ್ಲ.

ಅದಕ್ಕಿಂತ ದೊಡ್ಡದು ತಡೆ. ಅಗ್ಗದ ರಾಟೆಯಲ್ಲಿ ಹಲ್ಲಿನ ಚಕ್ರಕ್ಕೆ ಕಚ್ಚುವ ಒಂದು ನಾಲಿಗೆ ಮಾತ್ರ ಇರುತ್ತದೆ. ಮೇಲೆತ್ತುವಾಗ ಟಕ್ ಟಕ್ ಅಂತ ಹಿಡಿಯುತ್ತದೆ, ಸರಿ. ಇಳಿಸಬೇಕಾದರೆ ನಾಲಿಗೆ ಎತ್ತಬೇಕು. ಆಗ ಇಡೀ ಭಾರ ಒಂದು ಅಂಗೈ ಮೇಲೆ. ಬೆವರಿಗೆ ಕೈ ಜಾರಿತೋ, ಹಿಡಿಕೆ ಗಿರ್ರನೆ ತಿರುಗಿ ಮೇಲಿದ್ದವನ ದವಡೆ ಮುರಿಯುತ್ತದೆ, ಕೆಳಗಿದ್ದವನು ಬೀಳುತ್ತಾನೆ. ಅದು ಸಾಮಾನು ಎಳೆಯೋ ರಾಟೆ. ಮನುಷ್ಯರಿಗೆ ಅಂತಲೇ ಮಾಡಿದ್ದರಲ್ಲಿ, ಏರಿಸುವಾಗಲೂ ಇಳಿಸುವಾಗಲೂ ಕೈ ಬಿಟ್ಟರೆ ಭಾರ ಇದ್ದಲ್ಲೇ ನಿಲ್ಲಬೇಕು. ಅಂಗಡಿಯವನ ಮಾತು ನಂಬಬೇಡಿ, ಮರಳು ಮೂಟೆ ನೇತುಹಾಕಿ ನಡುವೆ ಕೈ ಬಿಟ್ಟು ನೋಡಿ. ಹಲ್ಲುಗಳಿಗೆ ಗ್ರೀಸು ಹಚ್ಚಿ, ಬ್ರೇಕಿನ ಬಿಲ್ಲೆಗಳಿಗೆ ಎಣ್ಣೆ ತಾಗಿಸಬೇಡಿ. ತಂತಿಹಗ್ಗ ಎಷ್ಟೇ ಬಿಚ್ಚಿದರೂ ಉರುಳೆಯಲ್ಲಿ ಕಡಿಮೆ ಅಂದರೆ ಮೂರು ಸುತ್ತು ಉಳಿದಿರಲಿ. ಮುರಿದ ಎಳೆ, ಮಡಚಿದ ಗುರುತು ಕಂಡರೆ ಹಗ್ಗವನ್ನೇ ಬದಲಾಯಿಸಿ. ಮುಕ್ಕಾಲಿಯ ಕಾಲು ಜಾರದಂತೆ ಸರಪಳಿ ಕಟ್ಟಿ.

ಕೊಂಡಿ ಸೊಂಟಕ್ಕಲ್ಲ. ಸೊಂಟಕ್ಕೆ ಕಟ್ಟಿ ಎತ್ತಿದರೆ ಪ್ರಜ್ಞೆ ತಪ್ಪಿದ ಮೈ ಎರಡಾಗಿ ಮಡಚಿಕೊಂಡು ಗುಂಡಿಯ ಬಾಯಿಗೆ ಸಿಕ್ಕಿಕೊಳ್ಳುತ್ತದೆ. ಹೆಗಲು, ಎದೆ, ತೊಡೆ ಮೂರನ್ನೂ ಸುತ್ತುವ ಪಟ್ಟಿ ಬೇಕು, ಕೊಂಡಿ ಬೆನ್ನಿನ ಮೇಲೆ ಬರಬೇಕು. ಅದನ್ನು ಇಳಿಯೋ ಮೊದಲೇ ಹಾಕಿರಬೇಕು. ಆಮೇಲೆ ಹಾಕಬೇಕಾದರೆ ಇನ್ನೊಬ್ಬ ಇಳಿಯಬೇಕು. ಒಬ್ಬನನ್ನು ಎತ್ತಲು ಹೋದ ತಮ್ಮ, ಅವನನ್ನು ಎತ್ತಲು ಹೋದ ಗೆಳೆಯ, ಹೀಗೆ ಒಂದೇ ಗುಂಡಿಯಲ್ಲಿ ಇಬ್ಬರು ಮೂವರು ಸತ್ತ ಸುದ್ದಿ ನಾವು ಎಷ್ಟು ಸಲ ಓದಿಲ್ಲ? ಇದೆಲ್ಲಾ ಇದ್ದರೂ ಗಾಳಿ ಅಳೆಯದಿದ್ದರೆ ಕೈರಾಟೆ ಹೆಣ ಎತ್ತೋ ಯಂತ್ರ ಅಷ್ಟೆ.

ಇಷ್ಟನ್ನೂ ಪಟ್ಟಿ ಮಾಡಿದ ಮೇಲೆ ಜಗಳದ ದಿಕ್ಕು ಬದಲಾಯಿತು. ಇದನ್ನು ಬಲ್ಲ ಕಾರ್ಮಿಕ ಏನು ಮಾಡಬಹುದು? "ಈ ತಡೆ ಹಿಡಿಯಲ್ಲ, ನಾನು ಇಳಿಯಲ್ಲ" ಅನ್ನಬಹುದು. ಬರೀ ಇಳಿಯಲ್ಲ ಅಂದವನನ್ನು ಮೇಸ್ತ್ರಿ ಸೋಮಾರಿ ಅಂತಾನೆ, ನಾಳೆ ಬರಬೇಡ ಅಂತಾನೆ. ತಡೆ, ಹಗ್ಗ, ಗಾಳಿ, ಬರೆದ ಅನುಮತಿ ಒಂದೊಂದನ್ನೂ ಬೆರಳು ಮಾಡಿ ತೋರಿಸುವವನಿಗೆ ಹಾಗೆ ಅನ್ನೋದು ಅಷ್ಟು ಸಲೀಸಲ್ಲ. ಅವನ ಹಿಂದೆ ಸಂಘ ಇದ್ದರೆ ಇನ್ನೂ ಕಷ್ಟ. ಕಲಿಸೋದು ಇಳಿಯೋದಕ್ಕಲ್ಲ, ನಿರಾಕರಿಸೋದಕ್ಕೆ ಅಂತ ಒಪ್ಪಿದೆವು. ಜೊತೆಗೆ ಒಂದು ಬೇಡಿಕೆ ಸೇರಿಸಿದೆವು: ಅನಿವಾರ್ಯ ಅಂತ ಸಹಿ ಮಾಡಿದವರು ಕೆಲಸ ಮುಗಿಯೋವರೆಗೂ ಗುಂಡಿಯ ಬಾಯಲ್ಲಿ ಹಿಡಿಕೆ ಹಿಡಿದು ನಿಲ್ಲಬೇಕು. ವಿರೋಧಿಸಿದ್ದ ಗೆಳೆಯರಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ಇರಬೇಕು ಅಂತ ನಾವೂ ಕೇಳಲಿಲ್ಲ.

ಪುರಸಭೆಯ ಅಂಗಳದಲ್ಲೇ ಆ ರಾಟೆಯ ಪ್ಲಾಸ್ಟಿಕ್ಕು ಬಿಚ್ಚಿಸಿದೆವು. ಇಂಜಿನಿಯರ್ರೂ ಬಂದು ನಿಂತಿದ್ದರು. ಮರಳು ಮೂಟೆ ಕಟ್ಟುವಾಗ ಆ ಹಿರಿಯ ಕಾರ್ಮಿಕ, "ಮೂಟೆ ಯಾಕಣ್ಣಾ, ಸಾಹೇಬ್ರು ಒಂದ್ಸಲ ಕೂತ್ಕೊಳ್ಳಿ, ನಾನು ತಿರುಗುಸ್ತೀನಿ" ಅಂದ. ಎಲ್ಲರೂ ನಕ್ಕರು. ಇಂಜಿನಿಯರ್ರೂ ನಕ್ಕರು. ಅವನು ನಗಲಿಲ್ಲ, ಪಟ್ಟಿಯನ್ನು ಕೈಯಲ್ಲಿ ಹಿಡಿದು ನಿಂತೇ ಇದ್ದ. ಇಂಜಿನಿಯರ್ರು ಗಡಿಯಾರ ನೋಡಿಕೊಂಡು, ಮೀಟಿಂಗ್ ಇದೆ ಅಂತ ಹೊರಟರು.